ಒರೆಯೂ ವರಸೆಯೂ: ಒಬ್ಬ ಹೊಸ ಕತೆಗಾರನಿಗೆ

ತಮ್ಮಾ,

ಹಲಗಲಿ ಬೇಡರ ಮೇಲಿನ ನಿನ್ನ ಕತೆ ಓದಿದೆ. 1857ರಲ್ಲಿ ಹತಾರ ಒಪ್ಪಿಸಿ ಅಂತ ಕಂಪನಿ ಸರಕಾರದ ಹುಕುಂ ಬರುತ್ತದೆ. ಮುದುಕಿ ಗಂಡನ ಕತ್ತಿಯನ್ನು ಹಗೇವಿನಲ್ಲಿ, ಅಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿಯಲ್ಲಿ, ಬಚ್ಚಿಡುತ್ತಾಳೆ. ಚೆನ್ನಾಗಿದೆ. ಹೊಗಳಿಕೆ ಇಷ್ಟು ಸಾಕು.

ಎರಡನೇ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು. "ಮೊಮ್ಮಗ ಒರೆಗೆ ಹಚ್ಚಿದ ಖಡ್ಗವನ್ನು ಸರ್ರನೆ ಹೊರಗೆಳೆದನು" ಅಂತ ಬರೆದಿದ್ದೀಯ. ಎಲ್ಲಿಂದ ಎಳೆದ? ಕತ್ತಿಯ ಗವಸೂ ಒರೆ, ಚಿನ್ನ ತಿಕ್ಕಿ ನೋಡುವುದೂ ಒರೆ. ಕತ್ತಿಯನ್ನು ಒರೆಯಿಂದ ಹಿರಿಯುತ್ತಾರೆ. ಒರೆಗೆ ಹಚ್ಚುವುದು ಚಿನ್ನವನ್ನು. ಹರಿತ ಮಾಡಬೇಕಾದರೆ ಸಾಣೆ ಹಿಡಿಯಬೇಕು. ನಿನ್ನ ಹುಡುಗ ಚಿನ್ನದ ಕೆಲಸದ ಪತ್ತಾರನ ಅಂಗಡಿಯಿಂದ ಕತ್ತಿ ಎಳೆದಂತಾಯಿತು!

ಅದರ ಕೆಳಗೇ "ಅವನ ಧೈರ್ಯ ಒರೆಗೆ ಹಚ್ಚುವ ಗಳಿಗೆ" ಅಂದಿದ್ದೀಯ. ಇದು ಸರಿ. ಧೈರ್ಯ ಅಪ್ಪಟವೋ ಕಲಬೆರಕೆಯೋ ನೋಡುವ ಗಳಿಗೆ ಅದು. ಆದರೆ ಮೇಲಿನ ಸಾಲಿನ ಸಹವಾಸದಿಂದ ಇದೂ ತಪ್ಪಿನಂತೆ ಕಾಣುತ್ತದೆ.

ನಾನೂ ಇದರಲ್ಲಿ ಪೆಟ್ಟು ತಿಂದವನೇ. ವಿಜಯಪುರದ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಊರಿಗೆ ಆಗ ಬಿಜಾಪುರ ಅಂತಲೇ ಹೆಸರು. ಕಿತ್ತೂರಿನ ಲೇಖನವೊಂದಕ್ಕೆ "ಒರೆಗೆ ಹಚ್ಚಿದ ಚೆನ್ನಮ್ಮನ ಖಡ್ಗ" ಅಂತ ತಲೆಬರಹ ಕೊಟ್ಟೆ. ಸಂಪಾದಕರು ಬೈಯಲಿಲ್ಲ. ಬೆರಳಿನ ಉಂಗುರ ಬಿಚ್ಚಿ ಕೊಟ್ಟು, "ಪತ್ತಾರನ ಕಡೆ ಹೋಗಿ ಒರೆಗೆ ಹಚ್ಚಿಸ್ಕೊಂಡು ಬಾ" ಅಂದರು. ಪತ್ತಾರ ಕರೀ ಕಲ್ಲಿಗೆ ಉಂಗುರ ತಿಕ್ಕಿದ. ಹಳದಿ ಗೆರೆ ಮೂಡಿತು. ಪಕ್ಕದಲ್ಲಿ ತನ್ನ ಚಿನ್ನದ ಕಡ್ಡಿಯಿಂದ ಇನ್ನೊಂದು ಗೆರೆ ಎಳೆದ. ಎರಡರ ಮೇಲೂ ಒಂದೊಂದು ಹನಿ ಆಸಿಡ್ ಬಿಟ್ಟು ಕಣ್ಣು ಕಿರಿದು ಮಾಡಿ ನೋಡಿದ. ಓಡಿ ಬಂದು ಹೇಳಿದೆ. ಸಂಪಾದಕರು ಕಾಗದ ಕೊಯ್ಯುವ ಚಾಕು ನನ್ನ ಕಡೆ ಸರಿಸಿದರು. "ಈಗ ಇದನ್ನ ತಗೊಂಡು ಹೋಗು."

ಹೋಗಲಿಲ್ಲ. ಸುಮ್ನೆ ಕೂತು ತಲೆಬರಹ ತಿದ್ದಿದೆ.

ಇನ್ನು ವರಸೆ. ಆರು ಸಲ ಬಂದಿದೆ, ಜಾಸ್ತಿಯಾಯಿತು. "ಹುಚ್ಚು ಹಿಡಿದವನಂತೆ ಕತ್ತಿವರಸೆ ಮಾಡಿದನು." ವರಸೆ ಅಂದರೆ ಸಾಲು, ಕ್ರಮ. ಕರ್ನಾಟಕ ಸಂಗೀತ ಕಲಿಯುವ ಮಕ್ಕಳ ಸರಳೆ ವರಸೆ ಕೇಳಿದ್ದೀಯಲ್ವಾ? ಕತ್ತಿಯದೂ ಹಾಗೇ. ಈ ಏಟಿಗೆ ಈ ತಡೆ, ಈ ತಡೆಗೆ ಈ ಹೆಜ್ಜೆ. ತಾಲೀಮಿನಲ್ಲಿ ಬೆವರು ಸುರಿಸಿ ಮೈಗೆ ಹತ್ತಿಸಿಕೊಂಡದ್ದು. ಹುಚ್ಚು ಹಿಡಿದವನು ಕತ್ತಿ ಬೀಸುತ್ತಾನೆ, ಅಷ್ಟೇ.

ನಾಲ್ಕನೇ ಪುಟದಲ್ಲಿ "ಸಾಹೇಬ ಹೊಸ ವರಸೆ ತೆಗೆದ" ಅಂತಿದೆ. ಹತಾರ ತಂದವರಿಗೆ ಇನಾಮು ಅಂತ ಅವನು ಆಸೆ ತೋರಿಸಿದ್ದಕ್ಕೆ ಈ ಮಾತು. ಪತ್ರಿಕೆಯಲ್ಲಿ, ಚುನಾವಣೆ ಸುದ್ದಿಯಲ್ಲಿ, ನಡೆಯುತ್ತದೆ. ನಿನ್ನ ಪುಟದಲ್ಲಿ ನಿಜವಾದ ಕತ್ತಿಗಳೇ ಓಡಾಡುತ್ತಿವೆ. ಸಾಹೇಬನೂ ಕತ್ತಿ ಹಿರಿದ ಅಂದುಕೊಂಡು ನಾನು ಅರ್ಧ ಪುಟ ಓದಿದೆ. "ಸಾಹೇಬ ಇನಾಮಿನ ಆಸೆ ತೋರಿಸಿದ" ಅನ್ನು, ಸಾಕು.

"ವರಸೆಯಲ್ಲಿ ಅವನು ಮಾವನಾಗಬೇಕು" ಅಂತ ಮುದುಕಿ ಹೇಳುತ್ತಾಳಲ್ಲ, ಅದು ನಂಟಿನ ವರಸೆ, ಅದನ್ನು ಮುಟ್ಟಬೇಡ.

ಇನ್ನೊಂದು. ಹಗೇವಿನ ತೇವಕ್ಕೆ ಕತ್ತಿ ತುಕ್ಕು ಹಿಡಿದಿರಬೇಕು. ಊರಲ್ಲಿ ಯಾರಿಗೂ ಗೊತ್ತಾಗದಂತೆ ಮುದುಕಿ ಅದಕ್ಕೆ ಸಾಣೆ ಎಲ್ಲಿ ಹಿಡಿಸಿದಳು? ಅದನ್ನು ಬರೆದು ಕಳಿಸು.