ಸಂಪಾದಕರ ಉತ್ತರ: ತೆರಿಗೆ ಬಿಲ್ಲಿನಲ್ಲಿ ಬಂದು ಕೂರುವ ಸಾಲ

ಓದುಗರ ಪತ್ರ: “ಮಗಳು, ಅಳಿಯ ಕ್ಯಾಲಿಫೋರ್ನಿಯಾದಲ್ಲಿ ಮನೆ ತಗೊಂಡಿದ್ದಾರೆ. ಮೊನ್ನೆ ಒಬ್ಬ ಕಂಟ್ರಾಕ್ಟರ್ ಬಾಗಿಲಿಗೇ ಬಂದು, ಹೊಸ ಎಸಿ, ಸೋಲಾರ್, ತೋಟಕ್ಕೆ ಡ್ರಿಪ್ ಎಲ್ಲ ಹಾಕಿಕೊಡ್ತೀನಿ, ಈಗ ಒಂದು ಡಾಲರೂ ಕೊಡಬೇಡಿ, ಇದು ಸರ್ಕಾರದ ‘ಪೇಸ್’ ಯೋಜನೆ ಅಂದನಂತೆ. ಸರ್ಕಾರದ್ದಾದರೆ ಹೆದರಿಕೆ ಏನು ಅನ್ನುತ್ತಾಳೆ ಮಗಳು. ನೀವೇನು ಹೇಳುತ್ತೀರಿ?”

ಪೇಸ್ ಅಂದರೆ ಮನೆಗೆ ಸೋಲಾರ್, ಕರೆಂಟ್-ನೀರು ಉಳಿಸುವ ಕೆಲಸ ಈಗ ಮಾಡಿಸಿ, ದುಡ್ಡನ್ನು ಆಸ್ತಿ ತೆರಿಗೆಯ ಜೊತೆ ವರ್ಷವರ್ಷ ಕಂತಾಗಿ ಕಟ್ಟುವ ಏರ್ಪಾಡು. ಸರ್ಕಾರದ್ದು ಅನ್ನುವುದು ಅರ್ಧ ನಿಜ. ಕಾನೂನು ಸರ್ಕಾರದ್ದು, ವಸೂಲಿ ಆಸ್ತಿ ತೆರಿಗೆಯ ಬಿಲ್ಲಿನಲ್ಲಿ. ದುಡ್ಡು ಮಾತ್ರ ಹೆಚ್ಚಾಗಿ ಖಾಸಗಿಯವರದ್ದು, ಬಡ್ಡಿ ಹೋಗುವುದೂ ಅವರಿಗೇ. ನಿಮ್ಮ ಮಗಳಿಗೆ ಮೊದಲು ಇದನ್ನು ಹೇಳಿ: ಇದು ಸಬ್ಸಿಡಿ ಅಲ್ಲ, ಸಾಲ.

ಹುಟ್ಟಿದ್ದು ಒಳ್ಳೆ ಯೋಚನೆಯಿಂದಲೇ. ಬೀದಿಯ ಕರೆಂಟ್ ತಂತಿಗಳನ್ನು ನೆಲದಡಿ ಹಾಕಿಸಿ, ಖರ್ಚನ್ನು ಆ ಬೀದಿಯ ಮನೆಗಳ ತೆರಿಗೆಗೆ ಕಂತಾಗಿ ಸೇರಿಸುವ ಪದ್ಧತಿ ಅಲ್ಲಿ ಮೊದಲೇ ಇತ್ತು. ಸೋಲಾರ್‌ಗೂ ಹಾಗೇ ಮಾಡಬಾರದೇಕೆ ಅಂತ ಹೊಳೆದದ್ದು ಬರ್ಕ್ಲಿ ನಗರದ ಮೇಯರ್ ಕಚೇರಿಯಲ್ಲಿದ್ದ ಸಿಸ್ಕೊ ಡಿವ್ರೀಸ್ ಅವರಿಗೆ. 2008ರಲ್ಲಿ ರಾಜ್ಯ ಕಾನೂನು ಮಾಡಿತು, ಬರ್ಕ್ಲಿ ಶುರು ಮಾಡಿತು. ಮರುವರ್ಷ ನೀರು ಉಳಿಸುವ ಕೆಲಸಗಳನ್ನೂ ಸೇರಿಸಿದರು. ಸಾಲ ಮನುಷ್ಯನ ಮೇಲಲ್ಲ, ಮನೆಯ ಮೇಲೆ. ಮನೆ ಮಾರಿದರೆ ಉಳಿದ ಕಂತು ಹೊಸಬರು ಕಟ್ಟುತ್ತಾರೆ. ಚೆನ್ನಾಗೇ ಇದೆ, ಅಲ್ವಾ?

ತೊಡಕು ಇರುವುದು ಆ ‘ಮನೆಯ ಮೇಲೆ’ ಅನ್ನುವಲ್ಲೇ. ತೆರಿಗೆಯ ಜೊತೆ ಬಂದದ್ದರಿಂದ, ಮನೆ ಹರಾಜಿಗೆ ಬಂದರೆ ಪೇಸ್ ಬಾಕಿಗೆ ಗೃಹಸಾಲಕ್ಕಿಂತ ಮೊದಲು ದುಡ್ಡು ಸಿಗುತ್ತದೆ. ಸಾಲ ಕೊಟ್ಟ ಬ್ಯಾಂಕು ಇದಕ್ಕೆ ಒಪ್ಪುತ್ತದೆಯೇ? ಬ್ಯಾಂಕುಗಳು ಕೊಟ್ಟ ಗೃಹಸಾಲಗಳನ್ನು ಕೊಳ್ಳುವ ದೊಡ್ಡ ಸಂಸ್ಥೆಗಳು ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್. 2010ರ ಜುಲೈನಲ್ಲಿ ಅವುಗಳ ಮೇಲುಸ್ತುವಾರಿ ಇಲಾಖೆ ಇದನ್ನು ಬಲವಾಗಿ ವಿರೋಧಿಸಿತು. ಮನೆಗಳಿಗೆ ಪೇಸ್ ಕೊಡುತ್ತಿದ್ದ ಎಷ್ಟೋ ಊರುಗಳು ಕೈಬಿಟ್ಟವು. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಕಂಪನಿಗಳ ಕೈಯಲ್ಲಿ ಅದು ಮತ್ತೆ ಬೆಳೆಯಿತು. ಬಾಗಿಲಿಗೆ ಬರುವ ಕಂಟ್ರಾಕ್ಟರುಗಳೇ ಅದರ ಮಾರಾಟಗಾರರಾದರು. ದೂರುಗಳು ಜಾಸ್ತಿಯಾಗಿ 2020ರಲ್ಲಿ ಲಾಸ್ ಏಂಜಲೀಸ್ ಕೌಂಟಿ ಮನೆಗಳಿಗೆ ಪೇಸ್ ಕೊಡುವುದನ್ನೇ ನಿಲ್ಲಿಸಿತು. (ಅಂಗಡಿ, ಕಾರ್ಖಾನೆ ಕಟ್ಟಡಗಳ ಪೇಸ್ ಬೇರೆ ಕಥೆ. ಅಲ್ಲಿ ಸಾಮಾನ್ಯವಾಗಿ ಬ್ಯಾಂಕಿನ ಒಪ್ಪಿಗೆ ತಗೊಂಡೇ ಮುಂದುವರಿಯುತ್ತಾರೆ, ಹಾಗಾಗಿ ಜಗಳ ಕಡಿಮೆ.)

ಈಗ ಲೆಕ್ಕ ನೋಡಿ. ಮಗಳು 30,000 ಡಾಲರ್ ಕೆಲಸವನ್ನು 8% ಬಡ್ಡಿಗೆ 20 ವರ್ಷಕ್ಕೆ ಮಾಡಿಸಿದಳು ಅಂದುಕೊಳ್ಳಿ. ವರ್ಷಕ್ಕೆ ಸುಮಾರು 3,055 ಡಾಲರ್. ಒಟ್ಟು ಕಟ್ಟುವುದು 61,000 ದಾಟುತ್ತದೆ, ಕಂಪನಿಯ ಶುಲ್ಕ ಬೇರೆ. ಅಲ್ಲಿ ಬಹಳ ಜನರ ಆಸ್ತಿ ತೆರಿಗೆಯನ್ನು ಗೃಹಸಾಲದವರೇ ‘ಎಸ್ಕ್ರೋ’ ಖಾತೆಯಿಂದ ಕಟ್ಟುತ್ತಾರೆ. ಅದಕ್ಕೆ ಬೇಕಾದ ದುಡ್ಡನ್ನು ತಿಂಗಳ ಕಂತಿನ ಜೊತೆ ಹಿಡಿಯುತ್ತಾರೆ. ಅವರಿಗೆ ಪೇಸ್ ವಿಷಯ ಗೊತ್ತೇ ಇಲ್ಲ. ಮೊದಲ ದೊಡ್ಡ ಬಿಲ್ ಬಂದಾಗ ಅವರು ಕಟ್ಟಿಬಿಡುತ್ತಾರೆ, ಖಾತೆಯಲ್ಲಿ 3,055 ಡಾಲರ್ ಖೋತಾ. ಮುಂದಿನ ವರ್ಷ ಹಳೇ ಖೋತಾಕ್ಕೆ ತಿಂಗಳಿಗೆ 255, ಹೊಸ ಬಿಲ್ಲಿಗೆ ಇನ್ನೊಂದು 255. ಒಂದೇ ಸಲಕ್ಕೆ ಕಂತು 510 ಡಾಲರ್ ಏರುತ್ತದೆ! ಎಸಿಯಿಂದ ಉಳಿಯುವ ಕರೆಂಟ್ ದುಡ್ಡು ಅಷ್ಟಾಗುತ್ತದೆಯೇ? ನನಗಂತೂ ನಂಬಿಕೆ ಇಲ್ಲ.

ಮಾರುವಾಗ ಹೊಸಬರು ಕಟ್ಟುತ್ತಾರೆ ಅನ್ನುವುದೂ ಕಾಗದದ ಮೇಲಿನ ಮಾತು. ಪೇಸ್ ಬಾಕಿ ಇರುವ ಮನೆಗೆ ಹೊಸಬರು ತೆಗೆಯುವ ಗೃಹಸಾಲವನ್ನು ಫ್ಯಾನಿ, ಫ್ರೆಡ್ಡಿ ಸಾಮಾನ್ಯವಾಗಿ ಕೊಳ್ಳುವುದಿಲ್ಲ. ಹಾಗಾಗಿ ಬಾಕಿ ತೀರಿಸಿಯೇ ಮಾರಬೇಕಾದೀತು.

2018ರಿಂದ ಅಲ್ಲಿ ಆದಾಯ ನೋಡಿಯೇ ಪೇಸ್ ಕೊಡಬೇಕು. ಸಹಿಗೆ ಮುಂಚೆ ಕಂಪನಿ ಫೋನ್ ಮಾಡಿ ಷರತ್ತುಗಳನ್ನು ಹೇಳಬೇಕು. ಆ ಫೋನ್ ಬಂದಾಗ ಕಂಟ್ರಾಕ್ಟರ್ ಪಕ್ಕದಲ್ಲಿ ಇರಕೂಡದು. ಅವನು ಹೇಳಿಕೊಟ್ಟಂತೆ ಸುಮ್ನೆ ‘ಹೂಂ, ಹೂಂ’ ಅನ್ನಬಾರದು. ಟ್ಯಾಬ್ಲೆಟ್ ಮೇಲೆ ಬೆರಳಲ್ಲಿ ಸಹಿ ಮಾಡಿಸುವವರಿಗೆ ‘ಕಾಗದ ಕೊಡಿ, ನಾಳೆ ಬನ್ನಿ’ ಅನ್ನಲಿ. ಅಷ್ಟರಲ್ಲಿ ಬೇರೆ ಇಬ್ಬರಿಂದ ಕೆಲಸದ ದರ ಕೇಳಲಿ. ತಮ್ಮ ಬ್ಯಾಂಕಿನಲ್ಲಿ ಮನೆ ಮೇಲಿನ ಎರಡನೇ ಸಾಲದ ಬಡ್ಡಿ ಎಷ್ಟು ಅಂತಲೂ ವಿಚಾರಿಸಲಿ. ನೀರಿಗಾದರೆ ಅಲ್ಲಿನ ನೀರಿನ ಸಂಸ್ಥೆಯ ರಿಯಾಯಿತಿ ಏನಾದರೂ ಇದೆಯೇ ಅಂತ ಮೊದಲು ನೋಡಲಿ. ಡ್ರಿಪ್ಪಿಗೆ 20 ವರ್ಷದ ಸಾಲ ಯಾರಿಗೆ ಬೇಕು?

ಈಗಾಗಲೇ ಸಹಿ ಆಗಿದ್ದರೆ ತಡಮಾಡಬೇಡಿ. ರದ್ದು ಮಾಡಲು 3 ಕೆಲಸದ ದಿನಗಳ ಅವಕಾಶ ಇರುತ್ತದೆ, 65 ವರ್ಷ ತುಂಬಿದವರಿಗೆ 5. ಇವತ್ತೇ ಫೋನ್ ಮಾಡಿ ಕೇಳಿ. ಫೋನಿನಲ್ಲಿ ಬೇಡ ಅಂದರೆ ಸಾಲದು, ಬರವಣಿಗೆಯಲ್ಲೇ ಕಳಿಸಿ ಪ್ರತಿ ಇಟ್ಟುಕೊಳ್ಳಲಿ.

– ಸಂಪಾದಕ