ಮಂಗಳೂರಿನ ಎತ್ತರ, ಮೈಸೂರಿನ ಹರವು

‘ಮೈಸೂರಿನ ಜನಸಂಖ್ಯೆ ನಮ್ಮದರ ಹೆಚ್ಚುಕಡಿಮೆ ಎರಡು ಪಾಲು. ಆದರೂ ಎತ್ತರದ ಕಟ್ಟಡಗಳ ಲೆಕ್ಕದಲ್ಲಿ ಅದು ಮಂಗಳೂರಿನ ಹತ್ತಿರಕ್ಕೂ ಬರುವುದಿಲ್ಲ. ಹಾಗಾದರೆ ಬೆಳವಣಿಗೆಯಲ್ಲಿ ಮಂಗಳೂರೇ ಮುಂದೆ ಎನ್ನಬಹುದಲ್ಲ? ಉಡುಪಿ ಯಾವಾಗ ಹೀಗಾದೀತು?’ ಎಂದು ಮಂಗಳೂರಿನ ಕಂಕನಾಡಿಯ ಓದುಗರೊಬ್ಬರು ಕೇಳಿದ್ದಾರೆ. ಎರಡೂ ಊರಿನ ಕಟ್ಟಡಗಳ ಮಹಡಿ ಎಣಿಸಿ ಮಾಡಿದ ಪಟ್ಟಿಯನ್ನೂ ಜತೆಗಿಟ್ಟಿದ್ದಾರೆ.

ಸಂಪಾದಕರ ಉತ್ತರ:

ಎತ್ತರದಲ್ಲಿ ಮಂಗಳೂರು ಮುಂದಿರುವುದು ನಿಜ. ಮೂವತ್ತು ಮಹಡಿ ದಾಟಿದ ಕಟ್ಟಡ ಇಲ್ಲಿದೆ. ಅದನ್ನೇ ಬೆಳವಣಿಗೆಯ ಅಳತೆಗೋಲು ಮಾಡಿಕೊಳ್ಳುವುದಕ್ಕೆ ಮಾತ್ರ ನಮ್ಮ ತಕರಾರು. ಕಟ್ಟಡ ಎಷ್ಟು ಮೇಲೇರುತ್ತದೆ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಜಾಗದ ಅಳತೆ, ಅದು ಯಾರ ಕೈಯಲ್ಲಿದೆ ಎಂಬ ಸಂಗತಿ.

ಮೊದಲು ಪಟ್ಟಿಯ ವಿಷಯ. ಮಹಡಿ ಬಿಟ್ಟು ಮೀಟರಿನಲ್ಲಿ ಬರೆಯಿರಿ. ವಾಸದ ಮಹಡಿಗೆ ಸುಮಾರು 3 ಮೀಟರ್. ಕೆಳಗಿನ ಅಂಗಡಿ ಮಹಡಿ ಅದಕ್ಕಿಂತ ಎತ್ತರ. ಪಾರ್ಕಿಂಗ್ ಮಹಡಿಯನ್ನು ಒಬ್ಬ ಬಿಲ್ಡರ್ ಸೇರಿಸಿ ಹೇಳುತ್ತಾನೆ, ಇನ್ನೊಬ್ಬ ಬಿಟ್ಟು ಹೇಳುತ್ತಾನೆ. ನಮ್ಮಲ್ಲಿ ಇಳಿಜಾರಿನ ತೊಡಕು ಬೇರೆ. ಬೆಂದೂರ್‌ವೆಲ್, ಕದ್ರಿ ಕಡೆ ಮೇಲಿನ ರಸ್ತೆಯಿಂದ ಹೊಕ್ಕರೆ ನೆಲಮಹಡಿ ಅನಿಸಿದ್ದು ಕೆಳಗಿನ ರಸ್ತೆಯಿಂದ ಮೂರನೆಯದಾಗಿರುತ್ತದೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ಯೋಜನೆಯ ಮಂಜೂರಾದ ನಕ್ಷೆ ಹುಡುಕಿ, ಸೆಕ್ಷನ್ ಡ್ರಾಯಿಂಗ್ (ಕಟ್ಟಡವನ್ನು ಮೇಲಿನಿಂದ ಕೆಳಕ್ಕೆ ಸೀಳಿದಂತೆ ತೋರಿಸುವ ಚಿತ್ರ) ನೋಡಿದರೆ ಈ ಗೊಂದಲ ತೀರುತ್ತದೆ. ಕಟ್ಟಿ ಮುಗಿದದ್ದು, ಕಟ್ಟುತ್ತಿರುವುದು, ಬರೀ ಬ್ರೋಶರಿನಲ್ಲಿ ಇರುವುದು ಇವಕ್ಕೆ ಬೇರೆ ಬೇರೆ ಕಾಲಂ ಇರಲಿ. ರಾಷ್ಟ್ರೀಯ ಕಟ್ಟಡ ಸಂಹಿತೆ (2016) 15 ಮೀಟರಿನಿಂದ ಮೇಲಿನದ್ದನ್ನೆಲ್ಲ ಹೈರೈಸ್ ಎನ್ನುತ್ತದೆ. ಆ ಗೆರೆ ಹಿಡಿದರೆ ಐದಾರು ಮಹಡಿಯ ಅಪಾರ್ಟ್‌ಮೆಂಟುಗಳೂ ಒಳಬಂದು ಮೈಸೂರಿನ ಪಟ್ಟಿ ಉದ್ದವಾಗುತ್ತದೆ.

ಎಲ್ಲಿಂದ ನೋಡುತ್ತೀರಿ ಎಂಬುದೂ ಮುಖ್ಯ. ನೇತ್ರಾವತಿ ಸೇತುವೆಯಿಂದ ಮಂಗಳೂರು ಕಾಣುವುದು ಹೊಳೆಯ ಮಟ್ಟದಿಂದ, ಅದೂ ಗುಡ್ಡದ ಮೇಲೆ ಕಟ್ಟಡ. ಎತ್ತರದ ಬಾವುಟಗುಡ್ಡೆಯ ಹದಿನೈದು ಮಹಡಿ ತಗ್ಗಿನ ಪಾಂಡೇಶ್ವರದ ಇಪ್ಪತ್ತು ಮಹಡಿಯನ್ನು ಸುಲಭವಾಗಿ ಮೀರಿಸಿ ನಿಲ್ಲುತ್ತದೆ. ಮೈಸೂರನ್ನು ಎಲ್ಲರೂ ನೋಡುವುದು ಚಾಮುಂಡಿ ಬೆಟ್ಟದಿಂದ, ಊರಿಗಿಂತ ಸುಮಾರು 300 ಮೀಟರ್ ಮೇಲಿನಿಂದ. ಅಲ್ಲಿಂದ ಯಾವ ಕಟ್ಟಡವಾದರೂ ಚಪ್ಪಟೆಯೇ. ಅರಮನೆಯ ಗೋಪುರ 145 ಅಡಿ, ಸಂತ ಫಿಲೋಮಿನಾ ಚರ್ಚಿನ ಶಿಖರಗಳು 175 ಅಡಿ. ಮಂಗಳೂರಿನ ಫ್ಲ್ಯಾಟ್ ಲೆಕ್ಕದಲ್ಲಿ ಇವು ಹದಿನಾಲ್ಕು, ಹದಿನೇಳು ಮಹಡಿಗೆ ಸಮ. ಆದರೂ ಮೈಸೂರಿನ ಚಹರೆ ಇಂದಿಗೂ ಅವೇ.

ಇನ್ನು ಜಾಗ. ಮೈಸೂರಿನಲ್ಲಿ ನೆಲ ಮಾರಾಟವಾಗುವುದು 30×40, 40×60 ಅಡಿಯ ಸೈಟಾಗಿ. ಇಪ್ಪತ್ತನೇ ಶತಮಾನದ ಆರಂಭದ ನಗರ ಸುಧಾರಣಾ ಟ್ರಸ್ಟ್ ಬೋರ್ಡಿನಿಂದ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದವರೆಗೆ (ಮುಡಾ) ಬಡಾವಣೆ ಮಾಡಿ ಹಂಚುವ ಪದ್ಧತಿ ನಡೆದು ಬಂದಿದೆ. 1,200 ಚದರಡಿಯಲ್ಲಿ ನಾಲ್ಕೂ ಕಡೆ ಸೆಟ್‌ಬ್ಯಾಕ್ (ಖಾಲಿ ಜಾಗ) ಬಿಟ್ಟು ಗೋಪುರ ಎಬ್ಬಿಸಲಾಗದು. ಬೇಕಾದರೆ ರಿಂಗ್ ರೋಡಿನಾಚೆ ಹರಡಲು ಬಯಲಿದೆ. ನಮಗೆ ಪಡುವಣಕ್ಕೆ ಕಡಲು, ತೆಂಕಿಗೆ ನೇತ್ರಾವತಿ, ಬಡಗಿಗೆ ಫಲ್ಗುಣಿ. ಹಳೆಯ ಹಂಚಿನ ಮನೆ, ಹಿತ್ತಲು, ಬಾವಿ ಸೇರಿ ಮೂವತ್ತು ನಲವತ್ತು ಸೆಂಟ್ಸ್. ವಾರಸುದಾರರು ಮುಂಬೈಯಲ್ಲಿ, ಗಲ್ಫಿನಲ್ಲಿ. ನೆಲ ತುಂಡರಿಸಿ ಪಾಲು ಮಾಡುವುದಕ್ಕಿಂತ ಬಿಲ್ಡರಿಗೆ ಜಂಟಿ ಕರಾರಿನಲ್ಲಿ ಕೊಟ್ಟು ತಲೆಗಿಷ್ಟು ಫ್ಲ್ಯಾಟ್ ಪಡೆಯುವುದು ಸಲೀಸು.

ಲೆಕ್ಕ ಹಾಕಿ ನೋಡಿ. ಒಂದು ಸೆಂಟ್ಸಿಗೆ 435.6 ಚದರಡಿಯಂತೆ 30 ಸೆಂಟ್ಸ್ ಅಂದರೆ 13,068 ಚದರಡಿ. ಎಫ್‌ಎಆರ್ (ಜಾಗದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿ) 2.5 ಸಿಕ್ಕಿತೆಂದು ಇಟ್ಟುಕೊಂಡರೆ 32,670 ಚದರಡಿ ಕಟ್ಟಬಹುದು. ಮಹಡಿಗೆ 3,000 ಚದರಡಿ ಹರಡಿದರೆ ಹನ್ನೊಂದು ಮಹಡಿ ಸಾಕು, 2,000ಕ್ಕೆ ಇಳಿಸಿದರೆ ಸುಮಾರು ಹದಿನಾರು. ಮನೆಗಳ ಒಟ್ಟು ವಿಸ್ತೀರ್ಣ ಎರಡರಲ್ಲೂ ಅಷ್ಟೇ. ನಿಮ್ಮ ಪಟ್ಟಿಯಲ್ಲಿ ಮಾತ್ರ ಎರಡನೆಯದು ‘ಹೆಚ್ಚು ಬೆಳೆದ’ ಕಟ್ಟಡ!

ಈ ಎತ್ತರಕ್ಕೆ ಕರಾವಳಿಯಲ್ಲಿ ತೆರಬೇಕಾದ ಬೆಲೆಯೂ ಹೆಚ್ಚು. ಕಟ್ಟಡದ ಮೇಲಿನ ಗಾಳಿಯ ಹೊರೆ ಹೇಳುವ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದಲ್ಲಿ ಮಂಗಳೂರಿಗೆ ಗಾಳಿಯ ಮೂಲ ವೇಗ ಸೆಕೆಂಡಿಗೆ 39 ಮೀಟರ್, ಮೈಸೂರಿಗೆ 33. ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅಂತರ ಸುಮಾರು ಶೇ. 40 ಆಗುತ್ತದೆ. ಉಪ್ಪುಗಾಳಿ ಇನ್ನೂ ಹಠಮಾರಿ. ಒಳನಾಡಿನಲ್ಲಿ ಮಳೆಗೆ ಒಡ್ಡಿಕೊಂಡ ಕಾಂಕ್ರೀಟಿಗೆ ಕಾಂಕ್ರೀಟಿನ ಮಾನಕ ಐಎಸ್ 456 ಕೇಳುವುದು ಎಂ25 ದರ್ಜೆಯ ಬಲ, ಸರಳಿನ ಹೊರಗೆ 30 ಮಿ.ಮೀ. ಕವರ್ (ಕಾಂಕ್ರೀಟಿನ ಹೊದಿಕೆ). ಕಡಲ ಗಾಳಿಗೆ ಒಡ್ಡಿಕೊಂಡದ್ದಕ್ಕೆ ಎಂ30 ದರ್ಜೆ, 45 ಮಿ.ಮೀ. ಕವರ್ ಬೇಕು. ಆ ಅಂತರ ಕಾಯುವ ಕವರ್ ಬ್ಲಾಕ್ ಇಡದೆ ಸರಳನ್ನು ಹಲಗೆಗೆ ತಾಗಿಸಿಬಿಟ್ಟರೆ ತುಕ್ಕು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಬಾಲ್ಕನಿಯ ಅಡಿಭಾಗ, ಸಜ್ಜದ ಅಂಚು, ಮೇಲಿನ ಟ್ಯಾಂಕಿಯ ತಳದಲ್ಲಿ ಕಂದು ಗೆರೆ ಮೂಡಿದರೆ ಇದೇ ರೋಗ. ಬಣ್ಣ ಬಳಿದು ಮುಚ್ಚುವವರೇ ಹೆಚ್ಚು.

ಎಲ್ಲಕ್ಕಿಂತ ದೊಡ್ಡ ಅಪಾಯ ನೆಲದಡಿಯದು. ಮೇಲಿನ ಕೆಂಪುಕಲ್ಲು ಗಟ್ಟಿ, ನೇರವಾಗಿ ಕಡಿದರೂ ಬೇಸಿಗೆಯಲ್ಲಿ ಗೋಡೆಯಂತೆ ನಿಲ್ಲುತ್ತದೆ. ಅದರ ಕೆಳಗಿರುವುದು ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು. ಒಣಗಿದಾಗ ಬಿಗಿ, ನೀರು ತುಂಬಿದರೆ ಬಲವೇ ಇಲ್ಲ. ಎರಡು ಬೇಸ್‌ಮೆಂಟಿಗೆ ಆರೇಳು ಮೀಟರ್ ಅಗೆಯಬೇಕು. ಮಾರ್ಚಿನಲ್ಲಿ ಅಗೆದು ಜೂನಿನೊಳಗೆ ತಡೆಗೋಡೆ ಏಳದಿದ್ದರೆ ಮೊದಲ ದೊಡ್ಡ ಮಳೆಗೇ ಬರೆ (ಕಡಿದ ಮಣ್ಣಿನ ಗೋಡೆ) ಜರಿದು ಪಕ್ಕದ ಮನೆಯ ಕಂಪೌಂಡನ್ನೂ ಎಳೆದುಕೊಳ್ಳುತ್ತದೆ. ಗೋಡೆ ಕಟ್ಟಿದರೂ ನೀರು ಇಳಿಯಲು ತೂತು ಬೇಕು, ತೂತಿನ ಹಿಂದೆ ಜಲ್ಲಿಯ ಸೋಸುಪದರ ಬೇಕು. ತೂತು ಇಲ್ಲದಿದ್ದರೆ ಹಿಂದೆ ನಿಂತ ನೀರೇ ಗೋಡೆಯನ್ನು ದೂಡುತ್ತದೆ. ಜಲ್ಲಿ ಇಲ್ಲದಿದ್ದರೆ ಶೇಡಿ ಸೋರಿಹೋಗಿ ಒಳಗೆ ಪೊಳ್ಳು ಬೀಳುತ್ತದೆ. ಮಳೆಗಾಲದಲ್ಲಿ ಆ ತೂತುಗಳಿಂದ ತಿಳಿನೀರು ಬರುತ್ತಿದ್ದರೆ ಸರಿ. ಹಾಲಿನಂತೆ ಬೆಳ್ಳಗೆ ಬಂದರೆ ಕೂಡಲೇ ಎಂಜಿನಿಯರನ್ನು ಕರೆಸಬೇಕು.

ಉಡುಪಿಯ ಪ್ರಶ್ನೆಗೆ ಚಿಕ್ಕ ಉತ್ತರ: ಎತ್ತರ ಬರುವುದಿದ್ದರೆ ಮಣಿಪಾಲದ ಗುಡ್ಡದ ಮೇಲೆ. ವಿದ್ಯಾರ್ಥಿಗಳ ಬಾಡಿಗೆಯ ಬಲ ಇರುವುದು ಅಲ್ಲಿ. ರಥಬೀದಿಯ ಸುತ್ತಿನ ಓಣಿಗಳಲ್ಲಿ ಅದಕ್ಕೆ ಜಾಗವಿಲ್ಲ. ಅದಕ್ಕೆ ಮೊದಲು ನೀರಿನ ಮಾತಾಡಬೇಕು. ಉಡುಪಿಗೆ ಸ್ವರ್ಣಾ ನದಿಯ ಬಜೆ ಅಣೆಕಟ್ಟು, ಮಂಗಳೂರಿಗೆ ನೇತ್ರಾವತಿಯ ತುಂಬೆ ಅಣೆಕಟ್ಟು ಆಧಾರ. 2019ರ ಬೇಸಿಗೆಯಲ್ಲಿ ಎರಡೂ ಊರುಗಳಲ್ಲಿ ಸರದಿಯ ಮೇಲೆ ನೀರು ಬಿಡಬೇಕಾಯಿತು. ಪಟ್ಟಿ ತಿದ್ದುವಾಗ ಇನ್ನೊಂದು ಕಾಲಂ ಹಾಕಿ: ಮೇ ತಿಂಗಳಲ್ಲಿ ಆ ಕಟ್ಟಡಕ್ಕೆ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತದೆ? ವಾಚ್‌ಮನ್‌ನನ್ನು ಕೇಳಿದರೆ ಸರಿಯಾಗಿ ಹೇಳುತ್ತಾನೆ.