ಟು ಆದ್ಮೇಲೆ ಐಎನ್‌ಜಿ ಯಾಕೆ ಅಂದ್ರೆ...

ನೀವು ಮೇಲ್ ಕೊನೇಲಿ 'ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು' ಅಂತ ಬರ್ದಿದ್ದನ್ನ ಮ್ಯಾನೇಜರ್ 'ಹಿಯರಿಂಗ್' ಅಂತ ತಿದ್ದಿದ್ರು, ಟು ಆದ್ಮೇಲೆ ಐಎನ್‌ಜಿ ಹೇಗೆ ಬರುತ್ತೆ ಅಂತ ಕೇಳಿದೀರ. ಅವರು ತಿದ್ದಿದ್ದು ಸರಿನೇ ಇದೆ.

ನೋಡೋಕೆ ಒಂದೇ ಥರ ಇದ್ರೂ ಇಂಗ್ಲಿಷಲ್ಲಿ ಟು ಎರಡು ಕೆಲ್ಸ ಮಾಡುತ್ತೆ, 'ಐ ವಾಂಟ್ ಟು ಗೋ'ದಲ್ಲಿರೋದು ಕ್ರಿಯಾಪದದ ಜೊತೆ ಅಂಟ್ಕೊಂಡಿರೋದು, ಇಲ್ಲಿರೋದು ಪ್ರಿಪೊಸಿಷನ್ (ನಮ್ಮ 'ಗೆ', 'ಬಗ್ಗೆ' ಥರ ಸಂಬಂಧ ತೋರ್ಸೋ ಪದ), ಅದಾದ್ಮೇಲೆ ನಾಮಪದ ಬರ್ಬೇಕು, ಹಿಯರಿಂಗ್ ಅಂದ್ರೆ 'ಕೇಳೋದು', ಅದು ನಾಮಪದದ ಹಾಗೇನೇ. ಡೌಟ್ ಬಂದಾಗ ಟು ಮುಂದೆ 'ಇಟ್' ಹಾಕಿ ನೋಡಿ. 'ಲುಕಿಂಗ್ ಫಾರ್ವರ್ಡ್ ಟು ಇಟ್' ಸರಿ ಹೋಗುತ್ತೆ, ಅಂದ್ಮೇಲೆ ಐಎನ್‌ಜಿ ಬೇಕು. 'ಐ ವಾಂಟ್ ಟು ಇಟ್' ಅಂದ್ರೆ ಕಿವಿಗೇ ಗೊತ್ತಾಗುತ್ತೆ.

ಇದೇ ಜಾತಿಯ ಇನ್ನೊಂದು ಕಾಟ 'ಯೂಸ್ಡ್ ಟು'. 'ಐ ಯೂಸ್ಡ್ ಟು ವರ್ಕ್ ಲೇಟ್' ಅಂದ್ರೆ ಮೊದ್ಲು ಲೇಟಾಗಿ ಕೆಲ್ಸ ಮಾಡ್ತಿದ್ದೆ, ಈಗಿಲ್ಲ. 'ಐ ಆ್ಯಮ್ ಯೂಸ್ಡ್ ಟು ವರ್ಕಿಂಗ್ ಲೇಟ್' ಅಂದ್ರೆ ಅಭ್ಯಾಸ ಆಗ್ಬಿಟ್ಟಿದೆ. ಆ 'ಆ್ಯಮ್', ಐಎನ್‌ಜಿ ಎರಡೂ ಬಿಟ್ರೆ ಅರ್ಥಾನೇ ಉಲ್ಟಾ (ನಾನೇ ಒಂದ್ಸಲ ಅರ್ಜೀಲಿ ಹೀಗೆ ಬರ್ದು, ಈಗ ಯಾಕೆ ಮಾಡಲ್ಲ ಅಂತ ಕೇಳಿಸ್ಕೊಂಡಿದೀನಿ).

ಆಮೇಲೆ ನಿಮ್ಮ ಮೇಲಲ್ಲಿ 'ಡಿಸ್ಕಸ್ ಅಬೌಟ್' ಅಂತಾನೂ ಇದೆ, ಅದನ್ನ ಅವರು ಗಮನಿಸಿಲ್ಲ ಅನ್ಸುತ್ತೆ. ನಾವು 'ಅದರ ಬಗ್ಗೆ ಚರ್ಚೆ' ಅಂತೀವಲ್ಲ, ಆ 'ಬಗ್ಗೆ' ನುಸುಳಿ ಬರುತ್ತೆ. ಬರೀ 'ಡಿಸ್ಕಸ್ ದ ಪ್ಲಾನ್' ಸಾಕು. 'ಡಿಸ್ಕಷನ್ ಅಬೌಟ್' ಮಾತ್ರ ಓಕೆ, ಅದನ್ನ ತೆಗೀಬೇಡಿ.